ಮಡಿಲಲ್ಲಿದ್ದದ್ದು ರೊಟ್ಟಿಯೇ

ನವೆಂಬರ್ ಬಂತೆಂದರೆ ನಮಗೆ ರಾಜ್ಯೋತ್ಸವದ ಸಡಗರ. ಇಲ್ಲಿ ಜರ್ಮನಿಯಲ್ಲಿ ಅದು ಸಂತರ ತಿಂಗಳೂ ಹೌದು. ನಾವು ಬಾವುಟ ಹಾರಿಸುವ 1ನೇ ತಾರೀಖೇ ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. 11ರಂದು ಸಂತ ಮಾರ್ಟಿನ್ ಹೆಸರಿನಲ್ಲಿ ಮಕ್ಕಳ ಲಾಟೀನು ಮೆರವಣಿಗೆ. 19ರಂದು ಸಂತ ಎಲಿಸಬೆತ್.

ಮಗಳು ಚಿಕ್ಕವಳಿದ್ದಾಗ ಒಮ್ಮೆ ಶಾಲೆಯಿಂದ ಎಲಿಸಬೆತ್ ಕಥೆ ಹೊತ್ತು ತಂದಿದ್ದಳು. ರಾಣಿ ಬಡವರಿಗಾಗಿ ಮಡಿಲಲ್ಲಿ ರೊಟ್ಟಿ ಬಚ್ಚಿಟ್ಟುಕೊಂಡು ಕೋಟೆ ಇಳಿಯುತ್ತಿದ್ದಾಗ ಗಂಡ ಅಡ್ಡಗಟ್ಟಿ, "ಏನದು?" ಎಂದು ಗದರಿಸಿದನಂತೆ. ಸೆರಗು ಸರಿಸಿ ನೋಡಿದರೆ ರೊಟ್ಟಿಯೆಲ್ಲ ಗುಲಾಬಿ! ಕಥೆ ಮುಗಿಸಿದ ಮಗಳು ಕೇಳಿದಳು: "ಅಮ್ಮಾ, ರೊಟ್ಟಿ ಹೂವಾದರೆ ಹಸಿದವರು ಏನು ತಿಂದರು?"

ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಮಾರ್ಬುರ್ಗಿಗೆ ಹೋದೆ, ಒಂದಿಷ್ಟು ಓದಿದೆ.

ಎಲಿಸಬೆತ್ ಹಂಗೆರಿಯ ರಾಜನ ಮಗಳು, ಹುಟ್ಟಿದ್ದು 1207ರಲ್ಲಿ. ನಾಲ್ಕನೇ ವಯಸ್ಸಿಗೇ ಭಾವೀ ಸೊಸೆಯಾಗಿ ತುರಿಂಗಿಯಾಕ್ಕೆ ಬಂದಳು. ಹದಿನಾಲ್ಕಕ್ಕೆ ಅಲ್ಲಿನ ದೊರೆ ಲುಡ್ವಿಗನೊಡನೆ ಮದುವೆ, ಮೂರು ಮಕ್ಕಳು. 1227ರಲ್ಲಿ ಧರ್ಮಯುದ್ಧಕ್ಕೆ ಹೊರಟ ಗಂಡ ದಾರಿಯಲ್ಲೇ ಜ್ವರದಿಂದ ತೀರಿಕೊಂಡ. ಇಪ್ಪತ್ತರ ವಿಧವೆ ಮಾರ್ಬುರ್ಗಿನಲ್ಲಿ ಆಸ್ಪತ್ರೆ ಕಟ್ಟಿಸಿ, ರೋಗಿಗಳ ಮೈ ತೊಳೆಯುತ್ತಾ ಬದುಕಿ, 1231ರಲ್ಲಿ ಇಪ್ಪತ್ತನಾಲ್ಕಕ್ಕೇ ಕಣ್ಣು ಮುಚ್ಚಿದಳು. 1235ರಲ್ಲಿ ಪೋಪ್ 9ನೇ ಗ್ರೆಗರಿ ಆಕೆಯನ್ನು ಸಂತಳೆಂದು ಘೋಷಿಸಿದರು.

ಸಂತ ಪದವಿಯ ವಿಚಾರಣೆಯಲ್ಲಿ ಆಕೆಯ ಜೊತೆಗಿದ್ದ ನಾಲ್ವರು ಹೆಂಗಸರು ಕೊಟ್ಟ ಸಾಕ್ಷ್ಯ ಇಂದಿಗೂ ಉಳಿದಿದೆ. ಅದರಲ್ಲಿ ಗುಲಾಬಿ ಇಲ್ಲ. ಆ ಕಥೆ ಹುಟ್ಟಿದ್ದು ನಂತರ. ಆಕೆಯ ಮಲತಂಗಿಯ ಮೊಮ್ಮಗಳಾದ ಪೋರ್ಚುಗಲ್ಲಿನ ರಾಣಿ ಎಲಿಸಬೆತ್ ಬಗ್ಗೆಯೂ ಇದೇ ಪವಾಡ ಹೇಳುತ್ತಾರೆ.

ಸಾಕ್ಷ್ಯದಲ್ಲಿರುವುದು ಊಟದ ಮಾತು. ಪ್ರಜೆಗಳನ್ನು ಹಿಂಡಿ ತಂದದ್ದನ್ನು ತಿನ್ನಬಾರದೆಂದು ಗುರು ಕಾನ್ರಾಡ್ ವಿಧಿಸಿದ್ದ. ತುಂಬಿದ ಮೇಜಿನ ಮುಂದೆ ಕೂತು ಆಕೆ ಪ್ರತಿಯೊಂದೂ ಎಲ್ಲಿಂದ ಬಂತೆಂದು ವಿಚಾರಿಸುತ್ತಿದ್ದಳು. ಎಷ್ಟೋ ಸಲ ಹಸಿದೇ ಏಳುತ್ತಿದ್ದಳು. ತಿನ್ನುವುದೂ ಕುಡಿಯುವುದೂ ಎರಡೂ ನ್ಯಾಯದ್ದೆಂದು ತಿಳಿದ ದಿನ ಚಪ್ಪಾಳೆ ತಟ್ಟಿ ನಲಿಯುತ್ತಿದ್ದಳಂತೆ! ಕಾಯಕ, ದಾಸೋಹ ಎಂಬ ಮಾತು ಕೇಳಿ ಬೆಳೆದ ನಮಗೆ ಆ ಚಪ್ಪಾಳೆ ಅರ್ಥವಾಗದೇ?

ಲುಡ್ವಿಗ್ ಅಡ್ಡಗಟ್ಟುವ ಗಂಡನೂ ಅಲ್ಲ. 1226ರ ಬರದಲ್ಲಿ ಅವನು ಇಟಲಿಯಲ್ಲಿದ್ದಾಗ ಆಕೆ ಕಣಜ ತೆರೆದು ಹಂಚಿದಳು. ಮರಳಿದಾಗ ಅಧಿಕಾರಿಗಳು ಚಾಡಿ ಹೇಳಿದರು. ಕೋಟೆಗಳು ಉಳಿದರೆ ಸಾಕು, ಅವಳು ಕೊಡಲಿ ಬಿಡಿ ಎಂದನಂತೆ ದೊರೆ. ಆಕೆಯನ್ನು ಹೊಡೆಯುತ್ತಿದ್ದವನು ಗುರು ಕಾನ್ರಾಡ್. ಅದನ್ನೂ ಸಾಕ್ಷ್ಯ ಮುಚ್ಚಿಟ್ಟಿಲ್ಲ. ಗುಲಾಬಿಯ ಕಥೆಯಲ್ಲಿ ಒಳ್ಳೆಯ ಗಂಡ ಸಂಶಯದವನಾದ, ಹೊಡೆದ ಗುರು ಮಾಯವಾದ.

ಮಾರ್ಬುರ್ಗಿನ ಚರ್ಚಿನಲ್ಲಿ ಆಕೆಯ ಚಿನ್ನದ ಪೆಟ್ಟಿಗೆ ಇದೆ, ಒಳಗೆ ಅಸ್ಥಿ ಇಲ್ಲ. 1539ರಲ್ಲಿ ಆಕೆಯ ವಂಶದವನೇ ಆದ, ಪ್ರೊಟೆಸ್ಟೆಂಟ್ ಪಂಥಕ್ಕೆ ಸೇರಿದ ದೊರೆ ಫಿಲಿಪ್, ಯಾತ್ರೆ ನಿಲ್ಲಿಸಲೆಂದು ಅಸ್ಥಿ ತೆಗೆಸಿದ. ಆದರೆ ಆಕೆಯ ಹೆಸರಿನ ಆಸ್ಪತ್ರೆಗಳು ಜರ್ಮನಿಯ ಊರೂರಲ್ಲಿವೆ.

ಬರಿದಾದ ಆ ಪೆಟ್ಟಿಗೆಯ ಮುಂದೆ ನಿಂತಾಗ ಮಗಳ ಪ್ರಶ್ನೆ ನೆನಪಾಯಿತು. ಮನೆಗೆ ಬಂದು ಅವಳಿಗೆ ಹೇಳಿದೆ: "ಹೂವಾಗಲಿಲ್ಲ ಪುಟ್ಟಿ. ರೊಟ್ಟಿ ರೊಟ್ಟಿಯಾಗಿಯೇ ಇತ್ತು. ಹಸಿದವರು ತಿಂದರು."

"ಹಾಗಾದ್ರೆ ಸರಿ," ಎಂದಳು.