ಕೆಥೆಡ್ರಲ್ ಊರಿನ ನೆಮ್ಮದಿ ಯಾರ ಖರ್ಚಿನಲ್ಲಿ?

ಲಂಡನ್ ಬಿಟ್ಟು ಹಳ್ಳಿಗಾಡಿನ ಪುಟ್ಟ ಊರಿಗೆ ಮನೆ ಬದಲಿಸಿದವರು ಬರೆಯುವ ಒಂದು ಬಗೆಯ ಪ್ರಬಂಧವಿದೆ. ನೀವೂ ಓದಿರುತ್ತೀರಿ. ಮೊದಲ ಪ್ಯಾರಾದಲ್ಲಿ ಟ್ಯೂಬ್ ರೈಲಿನ ನೂಕುನುಗ್ಗಲು, ಎರಡನೆಯದರಲ್ಲಿ ಸಾಮಾನು ತುಂಬಿದ ವ್ಯಾನು, ಮೂರನೆಯದರಲ್ಲಿ ಮಂಜು ಮುಸುಕಿದ ಹೊಲ ಮತ್ತು ಕೆಥೆಡ್ರಲ್ಲಿನ ಗಂಟೆ. ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ಇಲ್ಲಿ ಕಾಲ ನಿಂತಿದೆ, ನಾನೂ ನಿಂತಿದ್ದೇನೆ. ಮೂರು ವರ್ಷದ ಹಿಂದೆ ಈಲಿ ಎಂಬ ಊರಿಗೆ ಬಂದ ಹೊಸತರಲ್ಲಿ ನಾನೂ ಇಂಥದ್ದೊಂದನ್ನು ಬರೆದೆ. ಮೆಚ್ಚಿದವರೂ ಇದ್ದರು. ಈಗ ಅದನ್ನು ತೆಗೆದು ಓದಿದರೆ ಮೈ ಮುದುಡುತ್ತದೆ. ಅದರಲ್ಲೊಂದು ಸುಳ್ಳಿದೆ. ನನ್ನ ಜಗಳ ಆ ಸುಳ್ಳಿನ ಜೊತೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಊರು ಚಂದವಿದೆ. ಕೇಂಬ್ರಿಜ್‌ನಿಂದ ರೈಲಿನಲ್ಲಿ ಕಾಲು ಗಂಟೆ ದಾಟಿದರೆ, ಅಂಗೈಯಂತೆ ಸಪಾಟಾದ ಫೆನ್ ಪ್ರದೇಶದ ನಡುವೆ ಕೆಥೆಡ್ರಲ್ಲು ಎದ್ದು ನಿಲ್ಲುತ್ತದೆ. ಇದನ್ನು ಫೆನ್‌ಗಳ ಹಡಗು ಎಂದು ಕರೆಯುವುದು ಸುಮ್ಮನೆ ಅಲ್ಲ. ಸುಮಾರು 20 ಸಾವಿರ ಜನರ ಈ ಊರು ಇಂಗ್ಲೆಂಡಿನ ಲೆಕ್ಕದಲ್ಲಿ ‘ಸಿಟಿ’. ಈಗಿರುವ ಕಟ್ಟಡ ಶುರುವಾದದ್ದು 1083ರಲ್ಲಿ. 1322ರಲ್ಲಿ ನಡುಗೋಪುರ ಕುಸಿದುಬಿತ್ತು. ಬಿದ್ದ ಜಾಗದಲ್ಲಿ ಎಂಟು ಮೂಲೆಯ ಹೊಸ ಗೋಪುರವನ್ನು ಇಪ್ಪತ್ತು ವರ್ಷ ಹಿಡಿದು ಕಟ್ಟಿದರು. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಅದರಡಿ ಕೂತು ಕತ್ತೆತ್ತಿದರೆ ನನ್ನಂಥ ಅರೆನಾಸ್ತಿಕನಿಗೂ ಗಂಟಲು ಕಟ್ಟುತ್ತದೆ. ಅದನ್ನು ಅಲ್ಲಗಳೆದು ಏನು ಸಾಧಿಸಬೇಕು?

ಆದರೆ ‘ಕಾಲ ನಿಂತಿದೆ’ ಎನ್ನುವುದು ಬೇರೆ ಮಾತು. ಅದೇ ಕೆಥೆಡ್ರಲ್ಲಿನ ಲೇಡಿ ಚಾಪೆಲ್‌ಗೆ ಹೋಗಿ ನೋಡಿ. ಗೋಡೆಯುದ್ದಕ್ಕೂ ಕೆತ್ತಿದ ಪುಟ್ಟ ಪುಟ್ಟ ವಿಗ್ರಹಗಳಿಗೆ ತಲೆಯೇ ಇಲ್ಲ. 16ನೇ ಶತಮಾನದ ಮತಸುಧಾರಣೆಯ ಕಾಲದಲ್ಲಿ ಒಡೆದು ಹಾಕಿದ್ದು. ಕೆಥೆಡ್ರಲ್ಲಿನಿಂದ ಐದು ನಿಮಿಷ ನಡೆದರೆ ಆಲಿವರ್ ಕ್ರಾಮ್‌ವೆಲ್ಲನ ಮನೆ ಸಿಗುತ್ತದೆ. ಈಗ ಅದು ಪ್ರವಾಸಿ ಮಾಹಿತಿ ಕೇಂದ್ರ. ಅವನೂ ನಮ್ಮ ಹಾಗೆ ಈಲಿಗೆ ಮನೆ ಬದಲಿಸಿದವನೇ. 1636ರಲ್ಲಿ ಸೋದರಮಾವನಿಂದ ಚರ್ಚಿನ ತೆರಿಗೆ ಎತ್ತುವ ಹಕ್ಕು ಬಂತೆಂದು ಹೆಂಡತಿ ಮಕ್ಕಳೊಡನೆ ಬಂದ. ನೆಮ್ಮದಿ ಹುಡುಕಿಕೊಂಡು ಬಂದವನಲ್ಲ, ಆದಾಯ ಹುಡುಕಿಕೊಂಡು ಬಂದವನು. 1644ರಲ್ಲಿ ಅವನೇ ಕೆಥೆಡ್ರಲ್ಲಿಗೆ ನುಗ್ಗಿ ನಡೆಯುತ್ತಿದ್ದ ಪೂಜೆ ನಿಲ್ಲಿಸಿದ. ಇಲ್ಲಿ ಕಾಲ ಒಂದು ದಿನವೂ ನಿಂತಿಲ್ಲ. ನಿಂತಂತೆ ಕಾಣುವುದು ಹೊಸದಾಗಿ ಬಂದವರಿಗೆ ಮಾತ್ರ, ಯಾಕೆಂದರೆ ನಾವು ಬರುವ ಹೊತ್ತಿಗೆ ರಕ್ತ ಒರೆಸಿ ಆಗಿರುತ್ತದೆ.

ರಕ್ತ ಎಂದದ್ದು ಅಲಂಕಾರಕ್ಕಲ್ಲ. ಕ್ರಾಮ್‌ವೆಲ್ಲನ ಮನೆಯ ಪಕ್ಕದ ಸೇಂಟ್ ಮೇರಿ ಚರ್ಚಿನ ಹೊರಗೋಡೆಯ ಮೇಲೆ ಒಂದು ಕಲ್ಲಿದೆ. ಐದು ಜನರ ಹೆಸರು ಕೆತ್ತಿದ್ದಾರೆ. 1815ರಲ್ಲಿ ನೆಪೋಲಿಯನ್ ಯುದ್ಧ ಮುಗಿದ ಮೇಲೆ ಕೆಲಸವಿಲ್ಲ, ಕೂಲಿಯಿಲ್ಲ, ಗೋಧಿಯ ಬೆಲೆ ಮಾತ್ರ ಮೇಲೆ. 1816ರ ಮೇ 22ರಂದು ಪಕ್ಕದ ಲಿಟ್ಲ್‌ಪೋರ್ಟ್ ಹಳ್ಳಿಯ ಕೂಲಿಕಾರರು ಉಳ್ಳವರ ಮನೆಗಳಿಗೆ ನುಗ್ಗಿ ದೋಚಿದರು. ಮರುದಿನ ಬೆಳಿಗ್ಗೆ ಈಲಿಗೆ ನಡೆದು ಬಂದು ಕೂಲಿ ಹೆಚ್ಚಿಸಿ, ಹಿಟ್ಟು ಸಿಗುವಂತೆ ಮಾಡಿ ಎಂದು ಕೇಳಿದರು. ಊರಿನ ಮ್ಯಾಜಿಸ್ಟ್ರೇಟರು ಆಗಲಿ ಎಂದರು. ಆಮೇಲೆ ಸೈನ್ಯ ಬಂತು. ವಿಶೇಷ ನ್ಯಾಯಾಲಯ ಕೂತು 24 ಜನರಿಗೆ ಮರಣದಂಡನೆ ಹೇಳಿತು. 19 ಜನರ ಶಿಕ್ಷೆ ತಗ್ಗಿತು. ಉಳಿದ ಐವರನ್ನು ಜೂನ್ 28ರಂದು ಗಲ್ಲಿಗೇರಿಸಿ ಒಂದೇ ಗುಂಡಿಯಲ್ಲಿ ಹೂತರು. ಕಲ್ಲಿನ ಮೇಲೆ ಹೆಸರುಗಳ ಕೆಳಗೆ, ಇವರ ಗತಿ ಉಳಿದವರಿಗೆ ಎಚ್ಚರಿಕೆಯಾಗಲಿ ಎಂಬರ್ಥದ ಮಾತಿದೆ. ಆ ಕಾಲಕ್ಕೆ ಈ ಪ್ರದೇಶದ ನ್ಯಾಯದಾನದ ಅಧಿಕಾರ ಬಿಷಪ್ಪನದು. ಅದು ಕೈಬಿಟ್ಟುಹೋದದ್ದು 1836ರಲ್ಲಿ. ನಾವು ಫೋಟೊ ತೆಗೆಯುವ ಕೆಥೆಡ್ರಲ್ಲು ಹಾಡಿನ ಮನೆಯಷ್ಟೇ ಅಲ್ಲ, ಆಳುವ ಮನೆಯೂ ಆಗಿತ್ತು.

ನನ್ನ ಆ ಹಳೆಯ ಪ್ರಬಂಧದಲ್ಲಿ ಈ ಕಲ್ಲಿಲ್ಲ. ಅದರ ಮುಂದೆ ನೂರು ಸಲ ನಡೆದಿದ್ದೆ.

ಇನ್ನು ಆ ಮಂಜಿನ ಹೊಲಗಳು. ಅವು ಪ್ರಕೃತಿಯಲ್ಲ, ಕಾರ್ಖಾನೆ. 17ನೇ ಶತಮಾನದವರೆಗೆ ಇಲ್ಲಿದ್ದದ್ದು ಜೌಗು. ಈಲಿ ಅದರ ನಡುವಿನ ದ್ವೀಪ. ಸುತ್ತಲಿನ ಬಡವರು ಈಲ್ ಮೀನು ಹಿಡಿದು, ಬಾತುಕೋಳಿ ಬೇಟೆಯಾಡಿ, ಜೊಂಡು ಕೊಯ್ದು ಬದುಕುತ್ತಿದ್ದರು. ಬೆಡ್‌ಫರ್ಡ್‌ನ ಅರ್ಲ್ ಮತ್ತು ಅವನ ಜೊತೆ ಹಣ ಹೂಡಿದವರು ಡಚ್ ಎಂಜಿನಿಯರನನ್ನು ಕರೆಸಿ ನೀರು ಬಸಿಸಿದರು. ಹೂಡಿದವರಿಗೆ ಭೂಮಿ ಸಿಕ್ಕಿತು, ಬಡವರಿಗೆ ಮೀನೂ ಹೋಯಿತು ಜೊಂಡೂ ಹೋಯಿತು. ಜನ ದಂಗೆಯೆದ್ದು ಒಡ್ಡು ಒಡೆದರು. 1650ರ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟಿಷ್ ಸೈನಿಕರನ್ನು ತಂದು ಕಾಲುವೆ ತೋಡಿಸಿದ್ದೂ ಇದೇ ನೆಲದಲ್ಲಿ. 19ನೇ ಶತಮಾನದಲ್ಲಿ ಮೇಸ್ತ್ರಿಗಳು ಹೆಂಗಸರನ್ನೂ ಮಕ್ಕಳನ್ನೂ ಗುಂಪು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಕರೆದೊಯ್ದು ಕಳೆ ಕೀಳಿಸುತ್ತಿದ್ದರು. ಎಂಟು ವರ್ಷ ತುಂಬದ ಮಕ್ಕಳನ್ನು ಹೀಗೆ ದುಡಿಸಬಾರದು ಎಂದು 1867ರಲ್ಲಿ ಕಾನೂನು ಮಾಡಬೇಕಾಯಿತು ಎಂದರೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಇವತ್ತು ಆ ಹೊಲಗಳಲ್ಲಿ ಸೆಲರಿ, ಲೆಟ್ಯೂಸು, ಈರುಳ್ಳಿ, ಬೀಟ್‌ರೂಟು. ಕೆಲವು ವರ್ಷದ ಹಿಂದಿನವರೆಗೆ ಕಟಾವಿಗೆ ಬರುತ್ತಿದ್ದವರು ಹೆಚ್ಚಾಗಿ ಪೂರ್ವ ಯುರೋಪಿನವರು. ಬ್ರೆಕ್ಸಿಟ್ ಆದ ಮೇಲೆ ಋತುಮಾನದ ವೀಸಾದ ಮೇಲೆ ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ನೇಪಾಳದಿಂದೆಲ್ಲ ಜನ ಬರುತ್ತಾರೆ. ಆರು ತಿಂಗಳು ದುಡಿದು ಹೊರಡಬೇಕು, ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ನಾನು ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯಲ್ಲಿ ನಿಂತು ‘ಮಂಜು’ ಎಂದು ಬರೆದುಕೊಳ್ಳುವ ಹೊತ್ತಿಗೆ ಆ ಮಂಜಿನೊಳಗೆ ಬಗ್ಗಿ ನಿಂತವರಿದ್ದರು. ಅವರೂ ವಲಸೆಗಾರರು, ನಾನೂ ವಲಸೆಗಾರ. ನನ್ನದು ‘ಮನೆ ಬದಲಿಸಿದ ಅನುಭವ’ವಾಗಿ ಪ್ರಬಂಧವಾಯಿತು. ಅವರದು ಹೊಲದ ಚಿತ್ರದಲ್ಲಿ ಸೇರಿಹೋಯಿತು.

ಇದು ಇಂಗ್ಲಿಷರ ಇತಿಹಾಸ, ನಮಗ್ಯಾಕೆ ಎಂದು ಕೇಳುವವರಿದ್ದಾರೆ. ಕನ್ನಡದಲ್ಲಿ ಬರೆಯುವವರು ಈ ಪ್ರಶ್ನೆ ಕೇಳುವ ಹಾಗೇ ಇಲ್ಲ. 1970ರ ದಶಕದ ದಲಿತ ಮತ್ತು ಬಂಡಾಯ ಚಳವಳಿಗಳಾದ ಮೇಲೆ ಅಗ್ರಹಾರದ ಬಗ್ಗೆ ಬರೀ ರಂಗೋಲಿ, ತುಳಸಿಕಟ್ಟೆ, ಬೆಳಗಿನ ಮಂತ್ರಘೋಷ ಬರೆದು ಕನ್ನಡದಲ್ಲಿ ಯಾರೂ ಪಾರಾಗಲಾರರು. ಆ ಬೀದಿಗೆ ಯಾರು ಬರುವ ಹಾಗಿರಲಿಲ್ಲ, ಆ ಊಟದ ಅಕ್ಕಿ ಯಾರ ಗದ್ದೆಯದು, ರಥ ಎಳೆದವರು ಎಲ್ಲಿ ಉಣ್ಣುತ್ತಿದ್ದರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಗೆ ಕೇಳುವುದನ್ನು ನಮಗೆ ಕಲಿಸಿದ್ದು ನಮ್ಮ ಸಾಹಿತ್ಯವೇ. ಕೆಥೆಡ್ರಲ್ಲಿನ ಸುತ್ತಲಿನ ಹಸಿರು ಹುಲ್ಲು, ಪಾದ್ರಿಗಳ ಕಲ್ಲಿನ ಮನೆಗಳು, ಎತ್ತರದ ಗೋಡೆ ನೋಡಿದ ಕೂಡಲೇ ಇದೂ ಒಂದು ಅಗ್ರಹಾರ ಎಂದು ನಮಗಲ್ಲದೆ ಇನ್ಯಾರಿಗೆ ಹೊಳೆಯಬೇಕು? ಸಮುದ್ರ ದಾಟಿದ ಕೂಡಲೇ ಆ ಪ್ರಶ್ನೆಗಳನ್ನು ಕಸ್ಟಮ್ಸಿನಲ್ಲಿ ಬಿಟ್ಟುಬರುತ್ತೇವೆ. ಬಿಳಿಯರ ಊರಿನಲ್ಲಿ ನಮಗೂ ಒಂದು ಮನೆ ಸಿಕ್ಕಿತಲ್ಲ ಎಂಬ ಹಿಗ್ಗು ನಮ್ಮ ಬಾಯಿ ಮುಚ್ಚಿಸುತ್ತದೆ. ಆ ಹಿಗ್ಗು ನನಗೂ ಗೊತ್ತು. ಅದರಲ್ಲಿ ತಪ್ಪಿಲ್ಲ. ಅದನ್ನೇ ‘ಊರಿನ ಶಾಂತಿ’ ಎಂದು ಹೆಸರಿಟ್ಟು ಓದುಗರಿಗೆ ಕೊಡುವುದು ತಪ್ಪು.

ಈ ಸುಳ್ಳಿನಿಂದ ನಷ್ಟವೇನು? ಬರಹ ಸಪ್ಪೆಯಾದರೆ ಯಾರೂ ಸಾಯುವುದಿಲ್ಲ. ಆದರೆ ಊರನ್ನು ಚಿತ್ರವಾಗಿ ನೋಡಲು ಕಲಿತವರು ಆಮೇಲೆ ಚಿತ್ರ ಕೆಡದಂತೆ ಕಾಯಲು ಶುರುಮಾಡುತ್ತಾರೆ. ನನ್ನದೇ ಕಥೆ ಹೇಳುತ್ತೇನೆ. ಬಂದ ಮರುವರ್ಷ ನಮ್ಮ ರಸ್ತೆಯ ಕೊನೆಯಲ್ಲಿ ಮನೆ ಕಟ್ಟುವ ಯೋಜನೆ ಬಂತು. ಕೆಥೆಡ್ರಲ್ಲಿನ ನೋಟಕ್ಕೆ ಅಡ್ಡ ಬರುತ್ತದೆ ಎಂದು ಆಕ್ಷೇಪಣೆಯ ಪತ್ರ ತಯಾರಾಯಿತು. ಸಹಿ ಹಾಕಿದವರಲ್ಲಿ ಲಂಡನ್ನಿನಿಂದ ಬಂದವರೇ ಹೆಚ್ಚು. ನಾನೂ ಹಾಕಿದೆ. ಪಕ್ಕದ ಮನೆಯ ಮುದುಕರು ಹುಟ್ಟಿ ಬೆಳೆದದ್ದು ಇಲ್ಲೇ. ಅವರು ಹಾಕಲಿಲ್ಲ. ಯಾಕೆಂದು ಕೇಳಿದೆ. ಸಿಟ್ಟಿಲ್ಲದೆ ಹೇಳಿದರು: ಮಗಳಿಗೆ ಇಲ್ಲಿನ ಬಾಡಿಗೆ ಕೊಡಲಾಗದೆ ದೂರದ ಊರಿಗೆ ಹೋದಳು, ಇಲ್ಲಿನ ವೃದ್ಧಾಶ್ರಮದಲ್ಲಿ ಕೆಲಸ, ಬೆಳಿಗ್ಗೆ ಐದಕ್ಕೆ ಎದ್ದು ಬರುತ್ತಾಳೆ. ಅಷ್ಟೇ. ನನಗೆ ನಮ್ಮ ಸಿಟಿ ಬಸ್ಸು ನೆನಪಾಯಿತು. ಫುಟ್‌ಬೋರ್ಡಿನಲ್ಲಿ ಹೇಗೋ ಕಾಲಿಟ್ಟವನೇ ಮೊದಲು ಕೂಗುವುದು: ಜಾಗ ಇಲ್ಲ, ರೈಟ್, ರೈಟ್!

ಹೊಸ ಕಟ್ಟಡವೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕಂಪನಿಗಳು ಕಟ್ಟುವ ಮನೆಗಳೆಲ್ಲ ಆ ಮಗಳಿಗೆ ಸಿಗುತ್ತವೆಂಬ ಭ್ರಮೆಯೂ ಇಲ್ಲ. ಆದರೆ ಅವಳ ಮನೆಯ ಪ್ರಶ್ನೆಯನ್ನೂ ನನ್ನ ಕಿಟಕಿಯ ನೋಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು, ನೋಟವೇ ತೂಕ ಎಂದು ಸಹಿ ಹಾಕುವಂತೆ ನನ್ನನ್ನು ತಯಾರು ಮಾಡಿದ್ದು ನನ್ನದೇ ಪ್ರಬಂಧ.

ದುಡಿದು ದಣಿದವರಿಗೆ ನೆಮ್ಮದಿಯೂ ಬೇಡವೇ, ಬರೆದದ್ದಕ್ಕೆಲ್ಲ ಲೆಕ್ಕ ಒಪ್ಪಿಸಬೇಕೇ ಎಂದು ಗೆಳೆಯರು ರೇಗುತ್ತಾರೆ. ನೆಮ್ಮದಿ ಬೇಕು. ಊರು ಬಿಟ್ಟು ಹೋಗಿ ಎಂದೂ ನಾನು ಹೇಳುವುದಿಲ್ಲ, ನಾನೇ ಹೋಗಿಲ್ಲ. ಆದರೆ ಕೆಥೆಡ್ರಲ್ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಹೆಸರಾದ ಮೊದಲ ಕಾದಂಬರಿಗಳಲ್ಲೊಂದಾದ ಆಂಟನಿ ಟ್ರೊಲೊಪ್‌ನ ‘ದಿ ವಾರ್ಡನ್’ 1855ರಲ್ಲೇ ಲೆಕ್ಕ ಕೇಳಿದ ಪುಸ್ತಕ. ಸಾಲ್ಸ್‌ಬರಿ ಕೆಥೆಡ್ರಲ್ಲಿನ ಸುತ್ತ ಒಂದು ಬೇಸಿಗೆಯ ಸಂಜೆ ಅಡ್ಡಾಡುವಾಗ ಅವನಿಗೆ ಅದು ಹೊಳೆಯಿತಂತೆ. ಕಥೆ ಸಂಜೆಯ ಬೆಳಕಿನದಲ್ಲ. ಬಡ ಮುದುಕರಿಗೆಂದು ಬಿಟ್ಟುಹೋದ ದತ್ತಿಯ ದುಡ್ಡಿನಲ್ಲಿ ಪಾದ್ರಿಗೆ ವರ್ಷಕ್ಕೆ 800 ಪೌಂಡು ಹೋಗುವುದು ಸರಿಯೇ ಎಂಬುದು. ಆ ಪಾದ್ರಿ ಒಳ್ಳೆಯವನು, ಸಂಗೀತ ಬಲ್ಲವನು. ಪ್ರಶ್ನೆ ಅವನ ನಿದ್ದೆ ಕೆಡಿಸುತ್ತದೆ. ಸಂಜೆಯ ಚಂದ ಕಂಡವನೇ ದುಡ್ಡಿನ ದಾರಿಯನ್ನೂ ಕಂಡ. ಎರಡೂ ಒಟ್ಟಿಗೆ ಸಾಧ್ಯ.

ಈಲಿಯ ಮೂಲ ಮಠ ಕಟ್ಟಿದ ಸಂತಳು ಎಥೆಲ್‌ಡ್ರೆಡಾ. ಜನರ ಬಾಯಲ್ಲಿ ಅವಳು ಸೇಂಟ್ ಆಡ್ರಿ. ಅವಳ ಹೆಸರಿನ ಜಾತ್ರೆಯಲ್ಲಿ ರೇಷ್ಮೆಯ ಕೊರಳಪಟ್ಟಿ ಮಾರುತ್ತಿದ್ದರು. ಬರಬರುತ್ತಾ ಮಾಲು ಅಗ್ಗವಾಗಿ, ಹೆಸರು ಸವೆದು ‘ಟಾಡ್ರಿ’ ಎಂಬ ಇಂಗ್ಲಿಷ್ ಪದವಾಯಿತು. ಅರ್ಥ: ಹೊಳಪಿದೆ, ಸತ್ವವಿಲ್ಲ. ನಮ್ಮ ಮನೆ ಬದಲಿಸಿದ ಪ್ರಬಂಧಗಳೂ ಆ ಜಾತ್ರೆಯ ಮಾಲೇ.

ಈ ಬಗೆಯ ಬರಹ ಬರೆಯಲು ಹೊರಟವರಲ್ಲಿ ನನ್ನದೊಂದೇ ಕೇಳಿಕೆ. ಗಂಟೆಯ ಸದ್ದು ಬರೆಯಿರಿ. ಅದರ ಜೊತೆಗೆ ನೀವಿರುವ ಮನೆಯಲ್ಲಿ ಮುಂಚೆ ಯಾರಿದ್ದರು, ಅವರೀಗ ಎಲ್ಲಿದ್ದಾರೆ ಎಂದೂ ಬರೆಯಿರಿ. ಗೊತ್ತಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ನಾನು ಕೇಳಲು ಎರಡು ವರ್ಷ ತೆಗೆದುಕೊಂಡೆ. ಅಷ್ಟರಲ್ಲಿ ಸಹಿ ಹಾಕಿ ಆಗಿತ್ತು.