ಆಟಿಕೆ ಮಾತಾಡಿದರೆ ಮಗು ಮಾತು ಕಲಿಯುವುದೇ?

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಿರಲಿ, ಹೊಸೂರಿನ ಪೇಟೆಯಿರಲಿ, ಕಾಸರಗೋಡಿನ ಅಂಗಡಿ ಸಾಲಿರಲಿ, ಈಗ ಎಲ್ಲೆಡೆ ಮಾತಾಡುವ ಆಟಿಕೆಗಳದೇ ಕಾರುಬಾರು. ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರಮಾಲೆ ಹೇಳುವ ಗೊಂಬೆ, ಹಾಡುವ ಫೋನು, ದೀಪ ಮಿನುಗಿಸುತ್ತ ಓಡುವ ಕಾರು. ಮಗು ಬೇಗ ಕಲಿಯಲಿ ಎಂಬ ಆಸೆಯಿಂದ ಹೆತ್ತವರು ಇವನ್ನು ಕೊಳ್ಳುತ್ತಾರೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಆಟಿಕೆಯೇ ಮಾತಾಡತೊಡಗಿದರೆ ಮನೆಯವರ ಮಾತು ಕಡಿಮೆಯಾಗುತ್ತದೆ. ಗಡಿನಾಡ ಕನ್ನಡಿಗರಿಗೆ ಇದು ಸಣ್ಣ ಸಂಗತಿಯಲ್ಲ.

ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. 10ರಿಂದ 16 ತಿಂಗಳ 26 ಮಕ್ಕಳು ಹೆತ್ತವರೊಂದಿಗೆ ಮೂರು ಬಗೆಯ ವಸ್ತುಗಳಲ್ಲಿ ಆಡಿದರು: ಬ್ಯಾಟರಿ ಆಟಿಕೆ, ಮರದ ತುಂಡುಗಳಂಥ ಸಾದಾ ಆಟಿಕೆ ಮತ್ತು ಚಿತ್ರಪುಸ್ತಕ. ಬ್ಯಾಟರಿ ಆಟಿಕೆ ಕೈಯಲ್ಲಿದ್ದಾಗ ಹೆತ್ತವರು ಎಲ್ಲಕ್ಕಿಂತ ಕಡಿಮೆ ಮಾತಾಡಿದರು. ಪುಸ್ತಕ ಹಿಡಿದಾಗ ಹೆಚ್ಚು ಮಾತು ಹೊರಟಿತು. ಅಧ್ಯಯನ ಚಿಕ್ಕದೇ ಆದರೂ ಅದು ತೋರಿಸಿದ್ದನ್ನು ಯಾವ ಮನೆಯಲ್ಲೂ ಗಮನಿಸಿ ನೋಡಬಹುದು.

ಗಡಿಯಾಚೆಯ ಹಳ್ಳಿಗಳಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದು. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಶಾಲೆಗಳಲ್ಲಿ ರಾಜ್ಯಭಾಷೆಯ ಕಲಿಕೆಗೆ ಕಾಯ್ದೆ ಮಾಡಿದವು. ಮಗು ಆ ಭಾಷೆಯನ್ನು ಕಲಿಯಲೇಬೇಕು, ಕಲಿತರೆ ಒಳ್ಳೆಯದೇ. ಆದರೆ ಕನ್ನಡ ಬೇರೂರುವುದು ಶಾಲೆಗೆ ಮುಂಚಿನ ವರ್ಷಗಳಲ್ಲಿ, ಮನೆಯ ಜಗಲಿಯಲ್ಲಿ. ಅಂಗನವಾಡಿಯಲ್ಲಿ ಬೇರೆ ಭಾಷೆ, ಮನೆಯಲ್ಲಿ ಇಂಗ್ಲಿಷ್ ಆಡುವ ಗೊಂಬೆ ಎಂದಾದರೆ ಅಜ್ಜಿಯ ಮಾತಿಗೆ ಜಾಗವೆಲ್ಲಿ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಮೆದುಳಿನ ಶೇ. 85ಕ್ಕೂ ಹೆಚ್ಚು ಬೆಳವಣಿಗೆ 6 ವರ್ಷದೊಳಗೇ ಆಗುತ್ತದೆ. ಕೇಂದ್ರ ಸರಕಾರ 2024ರಲ್ಲಿ ಹೊರತಂದ 'ನವಚೇತನ' ಮಾರ್ಗಸೂಚಿಯಲ್ಲಿ 3 ವರ್ಷದೊಳಗಿನ ಮಕ್ಕಳಿಗಾಗಿ 140 ಚಟುವಟಿಕೆಗಳಿವೆ. ಮಗುವಿನೊಂದಿಗೆ ಮಾತಾಡುವುದು, ಹಾಡುವುದು, ಮನೆಯ ವಸ್ತುಗಳಿಂದ ಆಡಿಸುವುದು ಇದರ ತಿರುಳು. ದುಬಾರಿ ಸಾಮಾನು ಬೇಕಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ವರ್ಷದೊಳಗಿನ ಕೂಸಿಗೆ ಗಿಲಕಿ, ಹಿಡಿದು ಬಡಿಯಲು ಮರದ ಸೌಟು, ಸ್ಟೀಲ್ ಬಟ್ಟಲು. ನಿಲ್ಲಲು ಕಲಿತ ಮಗುವಿಗೆ ತಳ್ಳಿಕೊಂಡು ನಡೆಯುವ ಮೂರು ಗಾಲಿಯ ಮರದ ಬಂಡಿ. ಕೂರಿಸಿ ಬಿಡುವ ವಾಕರ್ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯವೇ ಹೆಚ್ಚು. ಕೆನಡಾ ದೇಶ 2004ರಲ್ಲೇ ಇದನ್ನು ನಿಷೇಧಿಸಿದೆ. ಎರಡು ವರ್ಷದ ಮೇಲೆ ಒಂದರ ಮೇಲೊಂದು ಪೇರಿಸುವ ಮರದ ತುಂಡು, ಚೆಂಡು, ಬಟ್ಟೆ ಗೊಂಬೆ, ಅಡಿಗೆ ಆಟದ ಕುಡಿಕೆ, ಜೇಡಿಮಣ್ಣು. ಐದರ ಸುಮಾರಿಗೆ ಕರಾವಳಿಯ ಚೆನ್ನೆಮಣೆ, ಘಟ್ಟದ ಮೇಲಿನವರ ಅಳಗುಳಿಮಣೆ: ಎಣಿಕೆ, ಸರದಿ ಕಾಯುವ ತಾಳ್ಮೆ, ಕನ್ನಡದ ಅಂಕಿಗಳು ಎಲ್ಲವೂ ಒಂದೇ ಮಣೆಯಲ್ಲಿ ಬರುತ್ತವೆ.

ಸುರಕ್ಷತೆಯಲ್ಲಿ ಮಾತ್ರ ರಾಜಿ ಸಲ್ಲದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೆ ಹಾಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೆ ವಿನಾಯಿತಿ ಇದೆ. ಆದ್ದರಿಂದ ಹಾಲೆಮರ ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿ ಬೇಡ. ಗುರುತಿಲ್ಲದ ಅಗ್ಗದ ಪ್ಲಾಸ್ಟಿಕ್ ಮಾತ್ರ ಬೇಡ.

ಮೂರು ವರ್ಷದೊಳಗಿನವರ ಕೈಗೆ ಗೋಲಿ, ಕವಡೆ, ಹುಣಸೆ ಬೀಜ ಸಿಗಬಾರದು. ಸುಮಾರು 3 ಸೆಂ.ಮೀ. ಅಗಲದ ನಳಿಗೆಯೊಳಗೆ ಇಳಿಯುವ ಯಾವ ವಸ್ತುವೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಹಾಡುವ ಆಟಿಕೆಯೊಳಗಿನ ಗುಂಡಿಯಾಕಾರದ ಬ್ಯಾಟರಿ ಇನ್ನೂ ಅಪಾಯಕಾರಿ. ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು. ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನು ಮೊಬೈಲು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಸಲಹೆ ಸ್ಪಷ್ಟ: ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಕೂಲಿ, ಬೇಸಾಯದ ನಡುವೆ ಹೆತ್ತವರಿಗೆ ಬಿಡುವಿಲ್ಲ ಎಂಬುದು ನಿಜ. ಆದರೆ ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದರ ಹೆಸರು ಹೇಳುತ್ತ ಹೋದರೂ ಅದು ಆಟವೇ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಗಡಿನಾಡಿನ ಮುಂದಿನ ತಲೆಮಾರಿನಲ್ಲಿ ಕನ್ನಡ ಉಳಿಯುವುದು ಬಹುಪಾಲು ಇಂಥ ಆಟದಿಂದಲೇ.