ಎಳ್ಳಮಾಸಿಗಾದರೂ ಮಕ್ಕಳು ಹೊಲ ಕಾಣಲಿ

ಅಕ್ಕಲಕೋಟ ತಾಲೂಕಿನ ಬೋರಿ ನದಿ ದಂಡೆಯ ಊರುಗಳಿಗೆ ಕುರನೂರ ಜಲಾಶಯ ದೊಡ್ಡ ಆಸರೆ. 1972ರ ಬರ ಕಂಡ ಹಿರಿಯರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಸಿಕ್ಕಲ್ಲಿ ರೈತರು ಕಬ್ಬು ಹಚ್ಚಿದರು, ಕೈಯಾಗ ನಾಲ್ಕು ದುಡ್ಡು ಆಡಿದವು. ಅದಕ್ಕೆ ತಕರಾರಿಲ್ಲ. ಆದರೆ ಬಿಳಿಜೋಳದ ಹೊಲ ಹಿಂದೆ ಸರಿದಂತೆ ನಮ್ಮ ಮಕ್ಕಳೂ ಹೊಲದಿಂದ ದೂರವಾದರು.

ಹಿಂಗಾರಿ ಜೋಳಕ್ಕೆ ಎರಿ ಮಣ್ಣಿನ ಹಸಿ ಸಾಕು. ಅಕ್ಕಡಿ ಸಾಲಿಗೆ ಕುಸುಬಿ, ಕಡಲಿ. ತೆನೆ ಹಾಲುಗಟ್ಟಿದರೆ ಹುಡುಗರು ಮಂಚಿಕೆ ಏರಿ, ಕವಣಿ ಬೀಸಿ ಹಕ್ಕಿ ಕಾಯುತ್ತಿದ್ದರು. ಸೀತನಿ ಸುಟ್ಟು ತಿನ್ನುವುದೇ ಅವರ ಪಗಾರ. ಹೀಗೆ ಹಕ್ಕಿ ಕಾಯುತ್ತ ಶಾಲೆ ಬಿಟ್ಟವರೂ ಇದ್ದಾರೆ. ಆ ಕಾಲ ಮರಳಿ ಬರಲಿ ಎಂದು ಯಾರೂ ಹೇಳಬಾರದು. ಆದರೆ ಆ ಅರಿವು ಯಾಕೆ ಹೋಗಬೇಕು?

ಕೂರಿಗೆ, ಕುಂಟಿ, ಕಣಿಕೆ, ಹಗೇವು ಇವು ಮನೆಯ ಮಾತು. ಪೇಟೆಗೆ ಹೋದರೆ ಕಣಿಕೆಗೆ ಕಡಬಾ, ಸೀತನಿಗೆ ಹುರಡಾ. ನಮ್ಮ ಹಿರಿಯರಿಗೆ ಎರಡೂ ಬರುತ್ತಿದ್ದವು. ಇಂದಿನ ಹುಡುಗರನ್ನು ಕೇಳಿ ನೋಡಿ, ಎರಡೂ ಬರುವುದಿಲ್ಲ. ಗಡಿಯಲ್ಲಿ ಕನ್ನಡ ಬೋರ್ಡಿನ ಮೇಲಷ್ಟೇ ಉಳಿದರೆ ಸಾಲದು, ಹೊಲದಾಗೂ ಉಳಿಯಬೇಕು.

ಗಡಿಯ ಎರಡೂ ಕಡೆ ಬಿತ್ತುವ ಮಾಲದಂಡಿ 35-1 ಜೋಳದ ತಳಿ 1930ರ ದಶಕದಲ್ಲಿ ಇದೇ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದದ್ದು. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಕಬ್ಬಿನ ಬಿಲ್ಲು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಮನೆಗೆ ರೊಟ್ಟಿ, ದನಕ್ಕೆ ಕಣಿಕೆ ಕೊಡುವ ಜೋಳದ ಲಾಭ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ದಾರಿ ಕಷ್ಟದ್ದಲ್ಲ. ಪಕ್ಕದ ಲಾತೂರಿನ ಮರಾಠಿ ರೈತರೂ ನಮ್ಮ ಎಳ್ಳಮಾಸಿಯನ್ನು 'ವೇಳ ಅಮಾವಾಸ್ಯೆ' ಎಂದು ಊರಿಗೆ ಊರೇ ಹೊಲಕ್ಕೆ ಹೋಗಿ ಮಾಡುತ್ತದೆ. ನಮ್ಮ ಕನ್ನಡ ಶಾಲೆಗಳೂ ಅಂದು ಹೊಲದಲ್ಲೇ ಕೂಡಲಿ. ಅಜ್ಜಂದಿರೇ ಮಾಸ್ತರರಾಗಲಿ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು, ಮಕ್ಕಳು ಹತ್ತು ಹೊಲದ ಮಾತು ಬರೆದುಕೊಂಡು ಬರಲಿ. ಕಬ್ಬಿದ್ದ ರೈತರು ಒಂದೆಕರೆಯಾದರೂ ಜೋಳ ಬಿತ್ತಲಿ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ, ಊರವರ ಮನಸ್ಸಿದ್ದರೆ ಸಾಕು.